ಹೆಸರು ಬಂದಲ್ಲಿ ನಿಂತ ನಕ್ಷೆ

"ಅಷ್ಟೇ ಅಕ್ಕಾ. ಅದ್ರಿಂದ ಮುಂದೆ ಎಂತದೂ ಇಲ್ಲೆ."

ವಿಶಾಲ್ ಮೌಸಿನಿಂದ ಕೈ ತೆಗೆದು ಕುರ್ಚಿಗೆ ಒರಗಿದ. ಪರದೆಯ ಮೇಲೆ ಚುಕ್ಕೆಗಳ ಸಾಲೊಂದು ಗಂಗೊಳ್ಳಿ ಅಳಿವೆಯಿಂದ ಹೊರಟು, ಕಡಲಕರೆಯ ದಂಡೆಗೆ ಸಮನಾಗಿ ಬಡಗಕ್ಕೆ ಸಾಗಿ, ಮರವಂತೆಯ ಎದುರಿನ ಕಡಲಲ್ಲಿ ಥಟ್ಟನೆ ನಿಂತಿತ್ತು.

ಶರ್ಮಿಳಾ ಆ ಕೊನೆಯ ಚುಕ್ಕೆಯಿಂದ ಕಣ್ಣು ಕೀಳಲಿಲ್ಲ. ಅವಳ ಗಂಡ ಗೋವರ್ಧನ ಅಲ್ಲೇ ಆಯ ತಪ್ಪಿ ಕಡಲಿಗೆ ಬಿದ್ದ ಎಂದು ದೋಣಿಯಲ್ಲಿ ಜೊತೆಗಿದ್ದ ಸೂರ ಹೇಳಿಕೆ ಕೊಟ್ಟಿದ್ದ. ಗೋವರ್ಧನನ ಜಿಪಿಎಸ್ ಯಂತ್ರದೊಳಗಿದ್ದುದನ್ನು ಓದಿ ವಿಶಾಲ್ ಬಿಡಿಸಿಕೊಟ್ಟ ಈ ನಕ್ಷೆಯೂ ಸೂರನ ಮಾತಿಗೆ ಹೂಂಗುಟ್ಟಿತ್ತು. ಪೊಲೀಸರು ಎರಡನ್ನೂ ಸೇರಿಸಿ ಪಿನ್ನು ಹೊಡೆದು ಕೈತೊಳೆದುಕೊಂಡಿದ್ದರು. ಹೆಣ ಮಾತ್ರ ಯಾವ ಕರೆಗೂ ಬಂದಿರಲಿಲ್ಲ.

ಅದಾಗಿ ವರ್ಷ ತುಂಬುತ್ತ ಬಂದಿತ್ತು. ನಾಡಿದ್ದು ಬೀಜಾಡಿಯ ಮನೆಯಲ್ಲಿ ಗೋವರ್ಧನನ ಬೊಜ್ಜ. ಸಿಗದ ಹೆಣದ ಬದಲಿಗೆ ದರ್ಭೆಯ ಗೊಂಬೆಯನ್ನು ಸುಡುವುದು, ಆಮೇಲೆ ಶರ್ಮಿಳಾಳ ಕೊರಳಿನ ಕರಿಮಣಿ ತೆಗೆಯುವುದು. ಅತ್ತೆ ಅಮ್ಮಣ್ಣಿ ದಿನ ಗೊತ್ತುಮಾಡಿ ನೆಂಟರಿಷ್ಟರಿಗೆಲ್ಲ ಹೇಳಿಕಳಿಸಿ ಆಗಿತ್ತು.

ಕರಿಮಣಿ ತೆಗೆಯುವ ಮೊದಲು, ಅವನು ಹೋದ ದಾರಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ಅವಳು ಗಂಗೊಳ್ಳಿಗೆ ಬಂದಿದ್ದಳು. ಬಂದರಿನ ದಾರಿಯಲ್ಲಿ ವಯರ್‌ಲೆಸ್ಸು, ಜಿಪಿಎಸ್ಸು, ಮೀನು ತೋರಿಸುವ ಯಂತ್ರಗಳನ್ನು ಮಾರಿ ರಿಪೇರಿ ಮಾಡುವ ವಿಶಾಲನ ಪುಟ್ಟ ಅಂಗಡಿಯಲ್ಲಿ ಕೂತು, ಅವಳು ಆ ಚುಕ್ಕೆಗಳನ್ನು ಮತ್ತೆ ಮತ್ತೆ ಓಡಿಸಿ ನೋಡಿದಳು. ಒಂದೊಂದು ಚುಕ್ಕೆ ಬೀಳುವಾಗಲೂ ಅವನು ಉಸಿರಾಡುತ್ತಿದ್ದ. ಬೀಡಿ ಸೇದುತ್ತಿದ್ದನೋ, ಸೂರನನ್ನು ರೇಗಿಸುತ್ತಿದ್ದನೋ, ಅವಳನ್ನು ನೆನೆಯುತ್ತಿದ್ದನೋ. ಅವಳಿಗೆ ಅವನ ಬೆವರಿನ ಉಪ್ಪುವಾಸನೆ ಬೇಕೆನಿಸಿತು.

"ಇನ್ನೊಂದ್ಸಲ ಓಡ್ಸ್ ಕಾಂಬ," ಎಂದಳು.

ವಿಶಾಲ್ ಓಡಿಸಿದ. ಈ ನಕ್ಷೆ ಬಿಡಿಸುವ ಪ್ರೋಗ್ರಾಂ ಅವನೇ ಕೂತು ಬರೆದದ್ದು. ಆ ಹೆಮ್ಮೆಗೆ ಅಂಗಡಿಯ ಬೋರ್ಡಿನಲ್ಲಿ 'ಕಂಪ್ಯೂಟರ್ ತಜ್ಞರು' ಎಂದು ಎರಡು ಬಣ್ಣದಲ್ಲಿ ಬರೆಸಿಕೊಂಡಿದ್ದ. ಬ್ರಹ್ಮಾವರದಲ್ಲಿ ಮಕ್ಕಳಿಗೆ ಪ್ರೋಗ್ರಾಂ ಬರೆಯಲು ಕಲಿಸುವ ಶರ್ಮಿಳಾ ಎದುರಿಗೆ ಕೂತಾಗ ಆ ತಜ್ಞತೆ ಸ್ವಲ್ಪ ಮುದುರಿಕೊಂಡದ್ದು ನಿಜ.

"ಯಂತ್ರದಿಂದ ಬಂದ ಮೂಲ ಫೈಲ್ ಇತ್ತಾ ನಿನ್ ಹತ್ರ?"

"ಇತ್ತಲೆ. ಬರೀ ನಂಬರ್ ಅಕ್ಕಾ. ಕಂಡ್ರೆ ತಲಿ ತಿರ್ಗತ್ತ್."

"ನಂಗೆ ತಿರ್ಗುದಿಲ್ಲ. ತೆಗಿ."

ಫೈಲು ತೆರೆಯಿತು. ಸಾಲಿಗೆ ಮೂರು ಸಂಖ್ಯೆ: ಹೊತ್ತು, ಅಕ್ಷಾಂಶ, ರೇಖಾಂಶ. ಗೋವರ್ಧನ ಇದ್ದ ಜಾಗಗಳನ್ನು ಯಂತ್ರ ಬಿಡದೆ ಬರೆದುಕೊಂಡಿತ್ತು. ಶರ್ಮಿಳಾಳ ಕಣ್ಣು ಸಂಖ್ಯೆಗಳನ್ನು ಬಿಟ್ಟು ಪರದೆಯ ಬಲಅಂಚಿಗೆ ಹೋಯಿತು. ಫೈಲನ್ನು ಕೆಳಗೆ ಸರಿಸುವ ಪಟ್ಟಿ ಅಲ್ಲಿ ಚೋಟುದ್ದ ಇತ್ತು. ಫೈಲು ಉದ್ದವಾದಷ್ಟೂ ಆ ಪಟ್ಟಿ ಗಿಡ್ಡವಾಗುತ್ತದೆ ಎಂದು ಅವಳು ಪ್ರತಿವರ್ಷ ಹೊಸ ಮಕ್ಕಳಿಗೆ ಹೇಳಿಕೊಡುತ್ತಿದ್ದಳು.

ನಕ್ಷೆಯಲ್ಲಿ ಇದ್ದದ್ದು ಒಂದು ಹಿಡಿ ಚುಕ್ಕೆ. ಫೈಲು ನೋಡಿದರೆ ಕೆಳಗೆ, ಇನ್ನೂ ಕೆಳಗೆ, ಮುಗಿಯುವ ಹಾಗೆ ಕಾಣಲಿಲ್ಲ.

"ವಿಶಾಲ, ಉಳಿದದ್ದನ್ನ ನೀನೇ ಕತ್ರಿಸಿದ್ಯಾ?"

ಅವನ ಮುಖ ಕಪ್ಪಿಟ್ಟಿತು. "ದೇವರಾಣಿ ಇಲ್ಲೆ ಅಕ್ಕಾ! ನಾ ಎಂತಕೆ ಕತ್ರಿಸುದ್? ಪೊಲೀಸ್ರ್ ಕೇಂಡ್ರ್, ನಾ ಓಡ್ಸಿ ಪ್ರಿಂಟ್ ತೆಗ್ದ್ ಕೊಟ್ಟೆ. ಫೈಲಿನೊಳಗೆ ನಾ ಇಣ್ಕಿಯೂ ಕಾಂಬುಕೆ ಹೋಯ್ಲಿಲ್ಲ. ಪ್ರೋಗ್ರಾಂ ಒಂದ್ ತಪ್ಪೂ ತೋರ್ಸ್ಲಿಲ್ಲಲೆ?"

ಸುಳ್ಳು ಹೇಳುವವರ ಕಣ್ಣು ಅಷ್ಟು ಬೇಗ ತುಂಬುವುದಿಲ್ಲ. ಅವಳು ಅವನನ್ನು ಅಲ್ಲಿಗೇ ಬಿಟ್ಟು, ನಕ್ಷೆ ನಿಂತ ಜಾಗದ ಸಂಖ್ಯೆಯನ್ನು ಫೈಲಿನೊಳಗೆ ಹುಡುಕಿದಳು. ಸಿಕ್ಕಿತು. ಅದರ ಕೆಳಗಿನ ಸಾಲಿಗೆ ಕಣ್ಣು ಹೋಯಿತು.

ಅಲ್ಲಿ ಸಂಖ್ಯೆ ಇರಲಿಲ್ಲ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಒಂದೇ ಒಂದು ಹೆಸರಿತ್ತು. ಶರ್ಮಿ.

ಅವಳನ್ನು ಹಾಗೆ ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ. ಅದೂ ನಾಲ್ಕು ಜನರ ಎದುರು ಅಲ್ಲ.

ಶರ್ಮಿಳಾ ಬಾಯಿಗೆ ಸೆರಗು ಒತ್ತಿಕೊಂಡಳು. ವಿಶಾಲ್ ಮೆಲ್ಲಗೆ ಹೇಳಿದ, "ಹೊಸ ಜಾಗ ಸಿಕ್ಕಿರ್ಕ್ ಅಕ್ಕಾ. ಅದ್ಕೆ ಹೆಸ್ರಿಟ್ಟಿದ."

ಅದು ಅವಳಿಗೂ ಗೊತ್ತಿತ್ತು. ಕಡಲಿನಲ್ಲಿ ಮೀನು ಕೂರುವ ಹೊಸ ಜಾಗ ಸಿಕ್ಕರೆ ಅದಕ್ಕೆ ಮನೆಯವರೊಬ್ಬರ ಹೆಸರಿಡುವುದು ಗೋವರ್ಧನನ ಮನೆತನದ ರೂಢಿ. ಅವನ ಅಜ್ಜನ ಕಾಲದಲ್ಲಿ ಗುಡ್ಡದ ನೆತ್ತಿ, ದೇವಸ್ಥಾನದ ತೆಂಗಿನಮರ ನೋಡಿ ಜಾಗದ ಗುರುತು ಹಿಡಿಯುತ್ತಿದ್ದರು, ಹೆಸರು ಬಾಯಲ್ಲಿ ಇರುತ್ತಿತ್ತು. ಈಗ ಯಂತ್ರದ ಗುಂಡಿ ಒತ್ತಿ ಹೆಸರು ಬರೆಯುತ್ತಾರೆ. ಅತ್ತೆಯ ಹೆಸರಿನಲ್ಲಿ ಒಂದು ಜಾಗವಿತ್ತು, ತೀರಿಹೋದ ಅಜ್ಜಿಯ ಹೆಸರಿನಲ್ಲಿ ಒಂದಿತ್ತು. ಮದುವೆಯಾಗಿ ಬಂದ ಮೇಲೆ, ನನ್ನದು ಯಾವಾಗ ಎಂದು ಅವಳು ಛೇಡಿಸಿದರೆ, "ನಿನ್ ಹೆಸ್ರಿಗ್ ತಕ್ಕ ಜಾಗ ಸಿಕ್ಕುಕೆ ಬ್ಯಾಡ್ದಾ" ಎನ್ನುತ್ತಿದ್ದ.

ಸಿಕ್ಕಿತ್ತು. ಸಿಕ್ಕ ದಿನವೇ ಅವನು ಇಲ್ಲವಾದ. ಇದನ್ನು ತಿಳಿಯಲು ಅವಳಿಗೆ ಒಂದು ವರ್ಷ ಹಿಡಿಯಿತು.

"ನಿನ್ ಪ್ರೋಗ್ರಾಂ ತೋರ್ಸ್," ಎಂದಳು, ಮುಖ ಒರೆಸಿಕೊಂಡು.

ವಿಶಾಲ್ ತೋರಿಸಿದ. ಅವಳು ಎರಡನೆಯ ಸಲ ಓದುವ ಹೊತ್ತಿಗೆ ಕಳ್ಳ ಸಿಕ್ಕಿಬಿದ್ದಿದ್ದ.

"ಕಾಣ್ ಇಲ್ಲಿ. ಸಂಖ್ಯೆ ಸಿಕ್ಕುವಷ್ಟ್ ಹೊತ್ತೂ ಓದ್, ಸಿಕ್ದೇ ಇದ್ರೆ ನಿಲ್ಸ್ ಅಂದೇಳಿ ನೀನ್ ಬರ್ದಿದ್ದೆ. ಫೈಲ್ ಮುಗ್ದ್ರೂ ಸಂಖ್ಯೆ ಸಿಕ್ಕುದಿಲ್ಲ. ಮಧ್ಯದಂಗೆ ಅಕ್ಷರ ಬಂದ್ರೂ ಸಂಖ್ಯೆ ಸಿಕ್ಕುದಿಲ್ಲ. ಎಂತಕೆ ನಿಂತದ್ದ್ ಅಂದೇಳಿ ನೀನ್ ಅದನ್ನ ಕೇಂಡೇ ಇಲ್ಲ."

"ಅಂದ್ರೆ..."

"ಅಂದ್ರೆ ದೋಣಿ ಅಲ್ಲಿ ನಿಂತದ್ದಲ್ಲ. ನಿನ್ ಪ್ರೋಗ್ರಾಂ ನಿಂತದ್ದ್."

ಬೋರ್ಡಿನ ಎರಡೂ ಬಣ್ಣ ವಿಶಾಲನ ಮುಖದಿಂದ ಇಳಿದುಹೋದವು. ಶರ್ಮಿಳಾ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಕೀಲಿಮಣೆಯ ಎದುರು ಕೂತಳು. ನಾಡಿದ್ದು ಗಂಡನ ಗೊಂಬೆ ಸುಡುವುದು ಯಾವ ಆಧಾರದ ಮೇಲೆ? ತನ್ನ ಹೆಸರನ್ನು ಓದಲಾರದೆ ಮುಗ್ಗರಿಸಿದ ನಾಲ್ಕು ಸಾಲಿನ ಪ್ರೋಗ್ರಾಮಿನ ಆಧಾರದ ಮೇಲೆ! ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆಗೆ ಹೆದರಿಕೆಯೂ ಬಂತು. ಆಸೆ ಹುಟ್ಟಿಬಿಟ್ಟರೆ ಆಮೇಲೆ ಅದನ್ನು ಸಾಕುವುದು ಎಷ್ಟು ಕಷ್ಟ ಎಂದು ಈ ಒಂದು ವರ್ಷದಲ್ಲಿ ಕಂಡುಂಡವಳು ಅವಳು.

ಅವಳು ಓದುವ ಕ್ರಮವನ್ನೇ ಬದಲಿಸಿದಳು. ಮೊದಲು ಸಾಲನ್ನು ಇಡಿಯಾಗಿ ಬರೀ ಅಕ್ಷರಗಳೆಂದು ಓದುವುದು, ಆಮೇಲೆ ಅದನ್ನು ಸಂಖ್ಯೆಯಾಗಿ ಬದಲಿಸುವುದು. ಹೀಗಾದರೆ ಮಧ್ಯದಲ್ಲಿ ಏನು ಬಂದರೂ ಪ್ರೋಗ್ರಾಂ ನಿಲ್ಲಬಾರದು. ಓಡಿಸಿದಳು.

ನಿಲ್ಲಲಿಲ್ಲ. ಆದರೆ ಮರವಂತೆಯಲ್ಲಿದ್ದ ದೋಣಿ ಇದ್ದಕ್ಕಿದ್ದಂತೆ ಹಾರಿ, ಅರಬ್ಬೀ ಸಮುದ್ರವನ್ನೂ ಆಫ್ರಿಕಾ ಖಂಡವನ್ನೂ ಒಂದೇ ನೆಗೆತಕ್ಕೆ ದಾಟಿ, ಅದರಾಚೆಯ ಕಡಲಲ್ಲಿ ಬಿದ್ದು, ಮರುಚುಕ್ಕೆಗೆ ವಾಪಸು ಬಂತು. ಅಷ್ಟು ಸಾಲದೆಂಬಂತೆ ಕೊಂಚ ಕೆಳಗೆ ಮತ್ತೆ ಹಾರಿ, ಅಲ್ಲೇ ಸುಮಾರು ಹೊತ್ತು ಝಂಡಾ ಊರಿತು.

"ಗೋವರ್ಧನಣ್ಣ ಆಫ್ರಿಕಾಕ್ ಹೋದ್ನಾ?" ವಿಶಾಲ್ ಕೇಳಿಬಿಟ್ಟು ನಾಲಿಗೆ ಕಚ್ಚಿಕೊಂಡ.

ಶರ್ಮಿಳಾಳಿಗೆ ನಗು ಬಂತು. ಒಂದು ವರ್ಷದಲ್ಲಿ ಗಂಡನ ವಿಷಯಕ್ಕೆ ಬಂದ ಮೊದಲ ನಗು ಅದು. ಅವನಿದ್ದಿದ್ದರೆ ಈ ಮಾತನ್ನು ಊರೆಲ್ಲ ಸಾರಿ ಹೇಳಿ ನಗುತ್ತಿದ್ದ.

"ಸಂಖ್ಯೆ ಮಾಡ್ಲಿಕ್ಕೆ ಆಗ್ದಿದ್ದದ್ದನ್ನ ಇದ್ ಸೊನ್ನೆ ಅಂದೇಳಿ ತಕಂತ್. ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ ಆದ್ರೆ ಬಪ್ಪುದ್ ಆ ಜಾಗವೇ. ಗೊತ್ತಿಲ್ಲ ಅಂಬುದ್ ಬೇರೆ, ಸೊನ್ನೆ ಅಂಬುದ್ ಬೇರೆ."

ಹೇಳಿದ ಮೇಲೆ ಆ ಮಾತು ಅವಳನ್ನೇ ಚುಚ್ಚಿತು. ಅವಳಿಗೆ ಗೊತ್ತಿಲ್ಲದ ಗಂಡನನ್ನು ನಾಡಿದ್ದು ಊರು ಸೇರಿ ಸೊನ್ನೆ ಮಾಡಲು ಹೊರಟಿತ್ತು. ಬೇಡ ಎಂದು ಕೂಗಿ ಹೇಳುವ ಧೈರ್ಯ ಇಷ್ಟು ದಿನ ಅವಳಿಗೆ ಬಂದಿರಲಿಲ್ಲ.

ಆಫ್ರಿಕಾದ ಸಾಲುಗಳನ್ನು ಫೈಲಿನಲ್ಲಿ ತೆರೆದು ನೋಡಿದಳು. ಮೊದಲನೆಯದು ಅವಳ ಹೆಸರಿನ ಸಾಲು. ಕೆಳಗಿನವುಗಳಲ್ಲಿ ಹೊತ್ತು ಇತ್ತು, ಸಂಖ್ಯೆಯ ಜಾಗದಲ್ಲಿ ಬರೀ ಅಡ್ಡಗೆರೆಗಳು. ಒಂದರ ಕೆಳಗೆ ಒಂದು, ಸುಮಾರು ಸಾಲು.

"ಇದೆಂತ?"

"ಅದಾ? ಯಂತ್ರಕ್ಕೆ ಆಕಾಶ ಕಾಣ್ದಿದ್ರೆ ಹಂಗ್ ಗೆರಿ ಹಾಕ್ತ್. ಉಪಗ್ರಹ ಸಿಕ್ಕುದಿಲ್ಲ ಅಲ್ದಾ. ದೋಣಿ ಹಲ್ಗಿ ಅಡಿಗ್ ಇಟ್ಟಿರ್ಕ್."

ಇರಬಹುದು ಎಂದುಕೊಂಡು, ಸಂಖ್ಯೆಯಾಗದ ಸಾಲನ್ನು ಸೊನ್ನೆ ಮಾಡದೆ ಸುಮ್ಮನೆ ಬಿಟ್ಟು ಮುಂದಕ್ಕೆ ಹೋಗುವಂತೆ ಬರೆದಳು. ಓಡಿಸಿದಳು.

ಚುಕ್ಕೆಗಳು ಮರವಂತೆ ದಾಟಲಿಲ್ಲ. ತೆಂಕಕ್ಕೆ ತಿರುಗಿದವು. ಅವಸರದಲ್ಲಿ, ದೂರ ದೂರಕ್ಕೆ ಕಾಲಿಡುತ್ತ ಗಂಗೊಳ್ಳಿ ಅಳಿವೆಯನ್ನು ದಾಟಿದವು. ಕುಂದಾಪುರ ದಾಟಿದವು. ಆಮೇಲೆ ಕರೆಗೆ ತಿರುಗಿ ಮರಳಿಗೆ ಹತ್ತಿದವು.

ಅದು ಬೀಜಾಡಿಯ ಕರೆ.

"ಸಂಖ್ಯೆ ಹೇಳ್," ಎಂದಳು.

ವಿಶಾಲ್ ಓದಿದ. ಮರಳಿನಿಂದ ಮುಂದಕ್ಕೆ ಚುಕ್ಕೆಗಳು ಒತ್ತೊತ್ತಾಗಿ ಬಿದ್ದಿದ್ದವು, ಮನುಷ್ಯ ನಡೆಯುವ ವೇಗ. ಅದು ಅಂಗೈಯಷ್ಟಗಲದ ಯಂತ್ರ, ಅವನು ಸದಾ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಕರೆಯಿಂದ ಒಳಗೆ ಒಂದು ಜಾಗದಲ್ಲಿ ಚುಕ್ಕೆಗಳು ನಿಂತವು. ಅದೇ ಸಂಖ್ಯೆ. ಮತ್ತೆ ಅದೇ ಸಂಖ್ಯೆ. ಕೆಳಗೆ ಮತ್ತೂ ಅದೇ. ಆಮೇಲೆ ಆ ಅಡ್ಡಗೆರೆಗಳು. ಅವು ಮುಗಿದ ಮೇಲೂ ಅದೇ ಸಂಖ್ಯೆ. ಅವನು ಎಲ್ಲೋ ಕೂತು ಯಾರಿಗೋ ಕಾದಿದ್ದ.

ಯಾರಿಗೋ ಏನು ಬಂತು. ತನಗೇ ಕಾದಿದ್ದ.

ಆ ಸಂಜೆ ಅವಳಿಗೆ ಚೆನ್ನಾಗಿ ನೆನಪಿತ್ತು. ತುಳಸಿ ಪೂಜೆಯ ಮರುದಿನ. ಬ್ರಹ್ಮಾವರದಲ್ಲಿ ಕರೆಂಟು ಹೋಗಿ, ಬಂದ ಮೇಲೆ ಮಕ್ಕಳು ಪಾಠ ಮುಗಿಸಿಯೇ ಹೋಗುವ ಎಂದು ಹಟಹಿಡಿದು, ಅವಳು ತಡವಾಗಿ ಬಸ್ಸು ಹತ್ತಿದ್ದಳು. ಮನೆಗೆ ಬಂದವಳಿಗೆ ಅತ್ತೆ ಕೋಟೇಶ್ವರದ ಪೇಟೆಯಿಂದ ತಂದೆ ಎಂದು ಅಂಜಲ್ ಮೀನಿನ ದಪ್ಪ ತುಂಡು ಬಡಿಸಿದ್ದರು. "ಪೂರ ತಿನ್ನ್, ಇದ್ ನಿಂದೇ" ಎಂದು ಒತ್ತಾಯ ಬೇರೆ. ಚಪ್ಪರಿಸಿ ತಿಂದಿದ್ದಳು. ಬೆಳಿಗ್ಗೆ ಬೈಂದೂರಿನಿಂದ ಸುದ್ದಿ ಬಂತು. ಅಲ್ಲಿಂದ ಈಚೆಗೆ ಅವಳು ಮೀನು ಮುಟ್ಟಿರಲಿಲ್ಲ.

ಯಂತ್ರದ ಹೊತ್ತು ಹೇಳುವ ಪ್ರಕಾರ, ಅವನು ಆ ಜಾಗದಿಂದ ಎದ್ದು ದೋಣಿಯ ಕಡೆಗೆ ತಿರುಗಿದಾಗ ಅವಳ ಬಸ್ಸು ತೆಕ್ಕಟ್ಟೆ ದಾಟುತ್ತಿದ್ದಿರಬೇಕು. ಇನ್ನು ಸ್ವಲ್ಪ ಕೂತಿದ್ದರೆ ಸಾಕಿತ್ತು.

ಆಮೇಲೆ ಚುಕ್ಕೆಗಳು ಬಡಗಕ್ಕೆ ಹೋಗಿ, ಬೈಂದೂರಿನ ಕರೆಯನ್ನು ಮುಟ್ಟಿ, ಹೊರಕ್ಕೆ ಬಂದು ಅಲೆಗೆ ಅಲುಗಾಡುತ್ತ ನಿಂತವು. ಮರುದಿನ ಬೆಳಿಗ್ಗೆ ಬೈಂದೂರಿನವರಿಗೆ ದೋಣಿ ಸಿಕ್ಕಿದ್ದು ಅಲ್ಲೇ. ಅದರೊಳಗೆ ಯಂತ್ರವಿತ್ತು, ತಲೆಮೇಲೆ ಕೈಹೊತ್ತು ಅಳುತ್ತಿದ್ದ ಸೂರನಿದ್ದ. ಎಂಜಿನ್ ಕೆಟ್ಟು, ಮರವಂತೆಯಿಂದ ತೇಲುತ್ತ ಬಂದೆ ಎಂದಿದ್ದ.

ಶರ್ಮಿಳಾ ನಕ್ಷೆಯನ್ನು ಪ್ರಿಂಟು ತೆಗೆದಳು. ಶೋಕೇಸಿನಲ್ಲಿದ್ದ ಅದೇ ನಮೂನೆಯ ಯಂತ್ರವನ್ನು ತೋರಿಸಿ, "ಇದನ್ನ ಇವತ್ತಿನ ಮಟ್ಟಿಗ್ ನಂಗ್ ಕೊಡ್" ಎಂದಳು. ಕಾದು ಕೂತ ಜಾಗದ ಸಂಖ್ಯೆಯನ್ನು ಅಂಗೈಯಲ್ಲಿ ಬರೆದುಕೊಂಡಳು.

*

ಸೂರ ಬಂದರಿನ ಆಚೆ ಬದಿಯಲ್ಲಿ ತೆಂಗಿನ ಮಡಲಿನ ಚಪ್ಪರದಡಿ ಕೂತು ಹರಿದ ಬಲೆಯ ಕಣ್ಣು ಹೆಣೆಯುತ್ತಿದ್ದ. ಅರವತ್ತು ದಾಟಿದ ಮೈ, ಬೆರಳು ಮಾತ್ರ ಇನ್ನೂ ಚುರುಕು. ಗೋವರ್ಧನನಿಗೆ ಹುಟ್ಟು ಹಿಡಿಯಲು ಕಲಿಸಿದವನು ಇವನೇ. ಆ ದಿನದ ಮೇಲೆ ಸೂರ ಕಡಲಿಗೆ ಇಳಿದಿರಲಿಲ್ಲ. ದುಃಖಕ್ಕೆ ಎಂದು ಊರು ಕನಿಕರಪಟ್ಟಿತ್ತು.

"ಹ್ವಾಯ್ ಸೂರಣ್ಣ."

"ಬಾ ತಂಗಿ. ಕೂಕೋ." ಸೂರ ತಲೆ ಎತ್ತಲಿಲ್ಲ. "ನಾಡಿದ್ ಬೆಳಿಗ್ಗಿಗೇ ಬತ್ತೆ ನಾನ್. ಅಮ್ಮಣ್ಣಕ್ಕ ಹೇಳ್ಕಳ್ಸಿದ್ರ್."

ಅವಳು ನಕ್ಷೆಯನ್ನು ಬಲೆಯ ಮೇಲೆ ಹಾಸಿದಳು. ಅವನು ಅದನ್ನು ಓರೆಗಣ್ಣಲ್ಲಿ ನೋಡಿದ.

"ಈ ಕಾಗ್ದ ಎಲ್ಲ ನಂಗ್ ಓದುಕ್ ಬತ್ತಿಲ್ಲೆ."

"ಓದುದ್ ಬ್ಯಾಡ. ಒಂದ್ ಮಾತ್ ಕೇಂಬುಕೆ ಬಂದೆ. ಹೊಸ ಜಾಗಕ್ಕೆ ಹೆಸ್ರಿಟ್ರೆ, ಅಲ್ಲಿ ಸಿಕ್ಕಿದ್ ಮೊದ್ಲಿನ್ ಮೀನ್ ಯಾರಿಗ್ ಹೋಯ್ಕ್ ಸೂರಣ್ಣ?"

"ಇದೆಂತ ಕೇಂತೆ? ಯಾರ್ ಹೆಸ್ರೋ ಅವ್ರಿಗೆ. ಮಾರುಕಾಗ. ಬೇರೆಯವ್ರ್ ಕೈಯಂಗೆ ಕಳ್ಸುಕೂ ಆಗ. ಹೆಸ್ರಿಟ್ಟವ ಅದೇ ದಿನ ತಾನೇ ಹೋಯ್ ಕೊಡ್ಕ್." ರೂಢಿಯ ಮಾತು ಬಂದರೆ ಸೂರನಿಗೆ ಉಸಿರೇ ಬೇಡ. "ಗೋವರ್ಧನನ ಅಪ್ಪ ಅಮ್ಮಣ್ಣಕ್ಕನ ಹೆಸ್ರಿಟ್ಟ ದಿನ, ಮಳಿ ಗಾಳಿ ಎಂತದೂ ಕಾಣ್ದೆ..."

"ಇವ್ರ್ ಆ ದಿನ ನನ್ ಹೆಸ್ರಿಟ್ಟಿದ್ರ್," ಎಂದಳು ಶರ್ಮಿಳಾ. "ಮರವಂತಿ ಎದ್ರಿಗೆ. ಯಂತ್ರದಂಗಿತ್ತ್. ಹಂಗಾರೆ ಆ ಮೀನ್ ಎಲ್ಲಿಗ್ ಹೋಯ್ತ್?"

ಬಲೆಯ ಮೇಲೆ ಓಡುತ್ತಿದ್ದ ಬೆರಳುಗಳು ನಿಂತವು.

ಸೂರ ಕಡಲ ಕಡೆಗೆ ನೋಡಿದ, ಅಲ್ಲಿ ಯಾರೂ ಸಹಾಯಕ್ಕೆ ಬರಲಿಲ್ಲ. ಅವಳು ಕಾದಳು. ಕಾಯುವುದು ಅವಳಿಗೆ ಈಗ ಹೊಸದಲ್ಲ.

"ಸೂರಣ್ಣ, ದೋಣಿ ಬೀಜಾಡಿಗೆ ಬಂದಿತ್ತ್. ಎಲ್ಲಿ ಹತ್ತಿತ್, ಎಷ್ಟೊತ್ ನಿಂತಿತ್, ಎಲ್ಲ ಇದ್ರಂಗಿತ್ತ್. ನಿಮ್ ಕಾಲಿಗ್ ಬೇಕಾರೂ ಬೀಳ್ತೆ. ನಾಡಿದ್ ನನ್ ಕರಿಮಣಿ ತೆಗಿತ್ರ್. ಅವ್ರ್ ಇದ್ರಾ, ಇಲ್ಯಾ? ಅಷ್ಟ್ ಹೇಳಿ."

"ಹೇಳುದಿಲ್ಲ ಅಂದೇಳಿ ಆಣಿ ಹಾಕಿದ್ದೆ ತಂಗಿ," ಎಂದ ಸೂರ. ದೊಡ್ಡ ಗಂಡಸು ಚಿಕ್ಕ ಮಗುವಿನಂತೆ ಮುಖ ಹಿಂಡಿದ. "ಕಡಲಿನ್ ಮೇಲೆ ಆಣಿ ಹಾಕ್ಸಿದ. ಅದ್ಕೇ ಈಗಳ್ ಕಡಲಿಗ್ ಇಳುಕೆ ಹೆದ್ರಿಕಿ ನಂಗೆ."

"ನೀವ್ ಹೇಳುದ್ ಬ್ಯಾಡ. ನಾ ಹೇಳ್ತೆ. ತಪ್ಪಿದ್ರೆ ತಪ್ಪ್ ಅನ್ನಿ. ಅವ್ರ್ ಮರವಂತಿಯಂಗೆ ಬೀಳ್ಲಿಲ್ಲ."

ಸೂರ ತಪ್ಪು ಎನ್ನಲಿಲ್ಲ.

"ಬೀಜಾಡಿಯಂಗೆ ಇಳ್ದ್ ಮನಿಗ್ ಹೋದ್ರ್."

ಅವನು ಹೆಗಲಿನ ಬೈರಾಸಿನಿಂದ ಕಣ್ಣೊರೆಸಿಕೊಂಡ. ಕಟ್ಟೆ ಒಡೆದದ್ದು ಆಗ.

"ಎಂತಾ ಖುಷಿ ಅವ್ನಿಗೆ! ತೋಳುದ್ದದ ಅಂಜಲ್ ಹಿಡ್ಕಂಡ್, 'ಶರ್ಮಿಗ್ ಕೊಟ್ಟಿಕ್ ಈಗ ಬತ್ತೆ ಸೂರಣ್ಣ' ಅಂದೇಳಿ ಮರ್ಳಿನ್ ಮೇಲೆ ಓಡ್ದ. ಮಬ್ಬಾಯಿತ್ತ್. ನಾ ದೋಣಿ ಹತ್ರವೇ ಕೂಕಂಡಿದ್ದೆ. ಸುಮಾರ್ ಹೊತ್ತಾಯ್ತ್. ವಾಪಸ್ ಬಪ್ಪತಿಗೆ ಅವ್ನ್ ಮುಖ... ಅವ ಹುಟ್ಟಿದ್ ಲಾಗಾಯ್ತ್ ನಾ ಕಂಡ ಗೋವರ್ಧನ ಅಲ್ಲ ಅದ್. ಮೀನಿತ್ತಿಲ್ಲ ಕೈಯಂಗೆ. ಕೇಂಡ್ರೆ, 'ಮನಿಗ್ ಬೀಗ, ಯಾರೂ ಇಲ್ಲೆ' ಅಂದ. ದೋಣಿ ಬೈಂದೂರಿಗೆ ಬಿಡ್ ಅಂದ. ಅಲ್ಲಿ ಕರಿಗ್ ಇಳ್ದ. 'ನಾ ಮರವಂತಿಯಂಗೆ ಬಿದ್ದ್ ಸತ್ತೆ ಅಂದೇಳಿ ಹೇಳ್. ಶರ್ಮಿಗ್ ಮಾತ್ರ ಗೊತ್ತಾಪುಕಾಗ' ಅಂದ."

"ನಂಗ್ ಮಾತ್ರ?"

"ಹೌದ್ ತಂಗಿ. ಎಂತಕೆ ಅಂದ್ ಕೇಂಡೆ. ಹೇಳ್ಲಿಲ್ಲ. ಅಳ್ತಾ ಇದ್ದ."

"ನಡ್ಕಂಡ್ ಹೋದ್ರಾ? ನೀವ್ ಕಣ್ಣಾರೆ ಕಂಡ್ರ್ಯಾ?"

"ಕಂಡೆ. ಮರ್ಳ್ ದಾಟಿ ಮೇಲೆ ಹೋಪಲ್ಲಿ ತನ್ಕ ಕಂಡೆ. ಒಂದ್ಸಲ ತಿರ್ಗಿ ಕಂಡ."

ಶರ್ಮಿಳಾ ಬಲೆಯ ಮೇಲೆಯೇ ಕೂತಳು. ಗಂಡ ಬದುಕಿದ್ದಾನೆ. ಒಂದು ವರ್ಷ ಊರಿನವರೆಲ್ಲ ಹುಚ್ಚು ಎಂದ ಆಸೆ ಅದು, ಈಗ ನಿಜವಾಗಿ ಎದುರಿಗೆ ನಿಂತಿತ್ತು. ಕುಣಿಯಬೇಕು ಎನಿಸಿತು. ಅದೇ ಉಸಿರಿಗೆ ಪ್ರಶ್ನೆಯೂ ಬಂತು. ಬದುಕಿದ್ದವನು ತನ್ನಿಂದ ಮಾತ್ರ ಅಡಗಿಕೊಂಡದ್ದೇಕೆ? ಹೆಸರಿಟ್ಟು, ಮೀನು ಹಿಡಿದು ಓಡಿಬಂದವನು ಹೋಗುವಾಗ ಅತ್ತದ್ದೇಕೆ?

"ಆ ದಿನ ಮನಿಗ್ ಬೀಗ ಇತ್ತಾ ಸೂರಣ್ಣ?"

"ಇತ್ತ್ ಅಂದ. ಅಮ್ಮಣ್ಣಕ್ಕ ಆ ಸಂಜೆ ಕೋಟೇಶ್ವರಕ್ಕೆ ಹೋಯಿದ್ರಂಬ್ರ್. ಅವ್ರೇ ಹೇಳಿದ್ರಲೆ."

ಹೌದು, ಅತ್ತೆ ಹಾಗೆಯೇ ಹೇಳಿದ್ದರು. ಪೊಲೀಸರಿಗೂ ಅದನ್ನೇ ಹೇಳಿದ್ದರು.

*

ಬೀಜಾಡಿಗೆ ಬಂದಾಗ ಹೊತ್ತು ಕಂತಲು ಇನ್ನೂ ಸ್ವಲ್ಪ ಇತ್ತು. ಶರ್ಮಿಳಾ ಮನೆಯ ಮುಂದಿನಿಂದ ಹೋಗದೆ ಕರೆಯ ಕಡೆಯಿಂದ ಬಂದಳು. ಅವನು ಬಂದ ದಾರಿಯಲ್ಲೇ ಬರಬೇಕು ಅನಿಸಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ನಡೆದಳು, ಇನ್ನೊಂದು ಕೈಯಲ್ಲಿ ವಿಶಾಲನ ಯಂತ್ರ.

ಹೆಜ್ಜೆಹೆಜ್ಜೆಗೂ ಸಂಖ್ಯೆಯ ಕೊನೆಯ ಅಂಕಿಗಳು ಬದಲಾಗುತ್ತಿದ್ದವು. ಅಂಗೈಯಲ್ಲಿ ಬರೆದದ್ದು ಬೆವರಿಗೆ ಅಲ್ಲಲ್ಲಿ ಅಳಿಸಿತ್ತು, ಆದರೂ ಅದು ಅವಳಿಗೆ ಬಾಯಿಪಾಠ ಬಂದಿತ್ತು. ತೆಂಗಿನಮರಗಳ ನಡುವೆ ಹಾದು ಹಿತ್ತಿಲಿಗೆ ಬಂದಳು. ಬಾವಿಕಟ್ಟೆಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎರಡು ಸಂಖ್ಯೆಯೂ ಒಂದಾಯಿತು.

ದಿನಾ ಸಂಜೆ ಅವಳು ಬಂದು ಕಾಲು ತೊಳೆಯುವ ಕಲ್ಲು ಅದು. ಅವನು ಅಲ್ಲಿ ಕೂತಿದ್ದ. ಶರ್ಮಿಳಾ ಅದರ ಮೇಲೆ ಕೂತಳು, ಕಲ್ಲನ್ನು ಕೈಯಿಂದ ಸವರಿದಳು. ಎಲ್ಲಿದ್ದೀರಿ, ಒಮ್ಮೆ ಬನ್ನಿ ಎಂದು ಬಾಯಿಬಿಟ್ಟೇ ಹೇಳಿದಳು. ಕೇಳಲು ಒಂದು ಕಾಗೆ ಮಾತ್ರ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಎದ್ದು, ಯಂತ್ರವನ್ನು ಆರಿಸುವುದನ್ನು ಮರೆತು, ಅಡುಗೆಮನೆಯ ಹಿಂಬಾಗಿಲಿಗೆ ಹೋದಳು. ಹೊಸ್ತಿಲು ದಾಟಿ ಒಳಗೆ ನಾಲ್ಕು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಕೈಯಲ್ಲಿದ್ದ ಯಂತ್ರ ಕೀಂಯ್ ಎಂದಿತು. ನೋಡಿದಳು.

ಸಂಖ್ಯೆಗಳು ಮಾಯವಾಗಿದ್ದವು. ಅವುಗಳ ಜಾಗದಲ್ಲಿ ಅಡ್ಡಗೆರೆಗಳು.

ಅವಳು ಹೊರಗೆ ಬಂದು ಕಲ್ಲಿನ ಹತ್ತಿರ ನಿಂತಳು. ಕೊಂಚ ತಡೆದು ಸಂಖ್ಯೆ ಬಂತು. ಒಳಗೆ ಹೋದಳು, ಗೆರೆ. ಯಂತ್ರಕ್ಕೆ ಆಕಾಶ ಕಾಣದಿದ್ದರೆ ಹಾಗೆ ಎಂದು ವಿಶಾಲ್ ಹೇಳಿದ್ದ. ದೋಣಿಯ ಹಲಗೆಯ ಮಾತು ಅವನ ಊಹೆ. ಕಲ್ಲಿನ ಸಂಖ್ಯೆ, ಆಮೇಲೆ ಸುಮಾರು ಸಾಲು ಗೆರೆ, ಮತ್ತೆ ಕಲ್ಲಿನ ಸಂಖ್ಯೆ. ಗೋವರ್ಧನ ಅಷ್ಟು ಹೊತ್ತು ಇದ್ದದ್ದು ಈ ಮನೆಯ ಮಾಡಿನ ಅಡಿಯಲ್ಲಿ.

ಬೀಗ ಇರಲಿಲ್ಲ. ಯಾರೋ ಬಾಗಿಲು ತೆರೆದು ಅವನನ್ನು ಒಳಗೆ ಕರೆದಿದ್ದರು.

"ಹೆಣೆ, ಅದೆಂತ ಒಳಗ್ ಹೊರಗ್ ಆಡ್ತೆ? ಕೈ ತೊಳ್ಕಂಡ್ ಬಾ."

ಅಮ್ಮಣ್ಣಿ ಒಲೆಯ ಪಕ್ಕ ಕೂತು ಮೆಟ್ಟುಕತ್ತಿಯಲ್ಲಿ ಬಂಗುಡೆ ಕೊಯ್ಯುತ್ತಿದ್ದರು. ಗಂಡ ಸತ್ತಾಗ ತಿಂಗಳುಗಟ್ಟಲೆ ಮೀನಿನ ವಾಸನೆ ತಡೆಯದಿದ್ದ ಹೆಂಗಸು. ಮಗ ಹೋದ ಸುದ್ದಿ ಬಂದ ಮೇಲೆ ಒಂದು ದಿನವೂ ಮೀನು ಬಿಟ್ಟಿರಲಿಲ್ಲ. ಕಲ್ಲುಮನಸ್ಸು ಎಂದು ನೆರೆಕರೆಯವರು ಆಡಿಕೊಂಡಿದ್ದರು. ಶರ್ಮಿಳಾಳೂ ಒಳಗೊಳಗೇ ಹಾಗೆ ಅಂದುಕೊಂಡಿದ್ದಳು.

"ನಾಳಿಂದ ಬೊಜ್ಜ ಮುಗಿಯುವ ತನ್ಕ ಮನಿಯಂಗೆ ಮೀನಿಲ್ಲೆ," ಎಂದರು ಅಮ್ಮಣ್ಣಿ. "ಇವತ್ತಾರೂ ಒಂದ್ ತುಂಡ್ ತಿನ್ನ್."

"ಅತ್ತೆ, ಹೋದ್ ವರ್ಷ ತುಳಸಿ ಪೂಜಿ ಮರ್ದಿನ ನೀವ್ ಅಂಜಲ್ ಬಡ್ಸಿದ್ರಿ. ನೆನಪಿತ್ತಾ?"

"ಇರುದಿಲ್ಲದಾ. ಕೋಟೇಶ್ವರದ್ ಪೇಟಿಯಂಗೆ..."

"ನಾವ್ ಮೀನ್ ಹಿಡುವವ್ರ್. ಮೀನ್ ತಕಂಬುಕೆ ಪೇಟಿಗ್ ಹೋಯಿದ್ರ್ಯಾ ನೀವ್? ಅದೂ ನಿಮ್ ಮಗ ಕಡಲಿಗ್ ಹೋದ್ ದಿನವೇ?" ಶರ್ಮಿಳಾ ಅಲ್ಲಿಗೆ ನಿಲ್ಲಿಸಲಿಲ್ಲ. "ಇದ್ ನಿಂದೇ ಅಂದ್ರಿ. ಅದ್ ನನ್ ಹೆಸ್ರಿನ್ ಮೀನೇ ಅಲ್ದಾ? ಅವ್ರ್ ನಂಗಾಯಿ ತಂದ ಮೀನ್. ಅವ್ರನ್ನ ಕಳ್ಸಿ ನಂಗ್ ಮೀನ್ ಬಡ್ಸಿದ್ರ್ಯಾ?"

ಮೆಟ್ಟುಕತ್ತಿಯ ಮೇಲೆ ಅಮ್ಮಣ್ಣಿಯ ಕೈ ನಿಂತಿತು. ಅವರ ಕಣ್ಣು ಸೊಸೆಯ ಮುಖಕ್ಕೆ ಬರಲಿಲ್ಲ. ಅವಳ ಕೈಯಲ್ಲಿದ್ದ ಯಂತ್ರದ ಮೇಲೆ ಬಿದ್ದು ಅಲ್ಲೇ ಉಳಿಯಿತು.

ಆಮೇಲೆ ಅವರು ಎದ್ದರು. ಹಿಂಬಾಗಿಲಿಗೆ ಹೋಗಿ, ಹಿತ್ತಿಲನ್ನೂ ಕರೆಯನ್ನೂ ಒಮ್ಮೆ ಇಣುಕಿ ನೋಡಿ, ಬಾಗಿಲು ಹಾಕಿ ಅಗುಳಿ ಸರಿಸಿದರು. ತಿರುಗಿದಾಗ ಅವರ ಕೆನ್ನೆ ಒದ್ದೆಯಾಗಿತ್ತು. ಕಲ್ಲುಮನಸ್ಸಿನ ಅಮ್ಮಣ್ಣಿ ಅಳುವುದನ್ನು ಶರ್ಮಿಳಾ ಮೊದಲ ಸಲ ನೋಡಿದ್ದು.

"ಸಣ್ಣಕ್ ಮಾತಾಡ್," ಎಂದರು. "ಅವ ಬದ್ಕಂಡಿರ್ಕ್ ಅಂದೇಳಿ ನಿಂಗ್ ಆಸಿ ಇತ್ತಾ?"

ಶರ್ಮಿಳಾ ಹೌದೆಂದು ತಲೆಯಾಡಿಸಿದಳು.

"ಹಂಗಾರೆ ನಾಡಿದ್ ಅವ್ನ್ ಬೊಜ್ಜ ಆಯ್ಕ್. ನೀ ಕರಿಮಣಿ ತೆಗಿಕ್. ಅವ್ನನ್ನ ಕೊಲ್ಲುಕೆ ಹುಡ್ಕುವ ಒಬ್ಬ ಅದನ್ನ ಕಾಂಬುಕೇ ಬತ್ತಾ ಇದ್ದ, ಅದ್ಕೇ ನಿಂಗ್ ಹೇಳ್ಲಿಲ್ಲ. ಅವ್ನೆದ್ರಿಗೆ ನಿನ್ ಕಣ್ಣೀರ್ ಒಂಚೂರ್ ಸುಳ್ಳ್ ಅಂದೇಳಿ ಕಂಡ್ರೂ, ನನ್ ಮಗ ಉಳುದಿಲ್ಲ."